ನೈಟ್ರೋಜನ್ ಆಕ್ಸೈಡ್‌ಗಳ ಕ್ರಿಯಾವರ್ಧಕ ವಿಘಟನೆ: ಉಷ್ಣತೆಯ ಪಾತ್ರ

ಎಂಜಿನ್ನಿನ ಅತಿಯಾದ ಕಾವಿನಲ್ಲಿ ಗಾಳಿಯ ನೈಟ್ರೋಜನ್ನೂ ಆಮ್ಲಜನಕವೂ ಕೂಡಿ ಹುಟ್ಟುವ ನೈಟ್ರಿಕ್ ಆಕ್ಸೈಡ್, ಶಕ್ತಿಯ ಲೆಕ್ಕದಲ್ಲಿ ಮರಳಿ ಒಡೆಯಬೇಕಾದ ಅನಿಲವೇ ಆದರೂ, ತಾನಾಗಿ ಒಡೆಯುವುದು ತೀರ ನಿಧಾನ. ತಾನು ವ್ಯಯವಾಗದೆ ಕ್ರಿಯೆಯ ವೇಗ ಹೆಚ್ಚಿಸುವ ಕ್ರಿಯಾವರ್ಧಕವನ್ನು ಬಳಸಿದರೂ, ಬಿಡುಗಡೆಯಾದ ಆಮ್ಲಜನಕ ಅದರ ಮೈಗೆ ಅಂಟಿಕೊಂಡು ಮುಂದಿನ ಅಣುಗಳಿಗೆ ಎಡೆ ಕೊಡುವುದಿಲ್ಲ. 1986ರಲ್ಲಿ ಜಪಾನಿನ ಇವಾಮೊಟೊ ತಂಡ ಜಿಯೋಲೈಟ್ ಎಂಬ ಸೂಕ್ಷ್ಮರಂಧ್ರಗಳ ವಸ್ತುವಿಗೆ ತಾಮ್ರ ಸೇರಿಸಿ, ಅದರ ಮೇಲೆ ನೇರ ವಿಘಟನೆಯನ್ನು ನಿರಂತರವಾಗಿ ನಡೆಸಿ ತೋರಿಸಿತಾದರೂ, ವಾಹನಗಳಲ್ಲಿ ನೆಲೆಯೂರಿದ್ದು ಆಮ್ಲಜನಕವನ್ನು ಕಸಿದುಕೊಳ್ಳಲು ಇನ್ನೊಂದು ಅನಿಲವನ್ನು ಬಳಸುವ ಅಪಕರ್ಷಣ ವಿಧಾನ: ಪೆಟ್ರೋಲ್ ವಾಹನಗಳಲ್ಲಿ ಹೊಗೆಯಲ್ಲೇ ಇರುವ ಕಾರ್ಬನ್ ಮೊನಾಕ್ಸೈಡ್, ಡೀಸೆಲ್‌ನಲ್ಲಿ ಯೂರಿಯಾದಿಂದ ಬರುವ ಅಮೋನಿಯ.

ಕ್ರಿಯಾವರ್ಧಕಕ್ಕೆ ಕಾವು ಬೇಕು, ಅತಿಯಾದರೆ ಅದೇ ಕಾವು ಮಾರಕ. ಆಧಾರವಸ್ತುವಿನ ಮೇಲೆ ಹರಡಿದ ಪೆಲೇಡಿಯಂ, ಪ್ಲಾಟಿನಂ ಕಣಗಳು ಬಾಣಲೆಯ ಎಣ್ಣೆಹನಿಗಳಂತೆ ಒಂದಕ್ಕೊಂದು ಕೂಡಿ ದಪ್ಪವಾಗಿ, ಕ್ರಿಯೆ ನಡೆಯುವ ಮೇಲ್ಮೈ ಕುಗ್ಗುತ್ತದೆ. ಇದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಕೆ. ಸಿ. ಪಾಟೀಲ್ ಕಂಡುಕೊಂಡ ಪರಿಹಾರ ಗಮನಾರ್ಹ. ಪಾಟೀಲರು ಬೆಳೆಸಿದ ದ್ರಾವಣ ದಹನ ವಿಧಾನದಲ್ಲಿ ಸೀರಿಯಂ, ಪೆಲೇಡಿಯಂ ಲವಣಗಳನ್ನು ಇಂಧನವಾದ ಆಕ್ಸಾಲಿಲ್ ಡೈಹೈಡ್ರಜೈಡಿನೊಡನೆ ನೀರಿನಲ್ಲಿ ಕರಗಿಸಿ ಸುಮಾರು 350 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಗೆ ಇಟ್ಟರೆ, ದ್ರಾವಣ ಕುದಿದು, ನೊರೆಯೆದ್ದು, ಹೊತ್ತಿ ಉರಿದು ಹಗುರವಾದ ಪುಡಿ ಉಳಿಯುತ್ತದೆ. ಆ ಪುಡಿಯಲ್ಲಿ ಪೆಲೇಡಿಯಂ ಲೋಹದ ಕಣವಾಗಿರದೆ ಅಯಾನಾಗಿ ಸೀರಿಯಂ ಆಕ್ಸೈಡಿನ ಹರಳಿನೊಳಗೇ ಸೇರಿಹೋಗಿರುವುದರಿಂದ ಕಣಗಳು ಕೂಡಿಕೊಳ್ಳುವ ಪ್ರಮೇಯವೇ ತಗ್ಗುತ್ತದೆ. ಬಳಕೆಯ ಉಷ್ಣತೆಯಷ್ಟೇ ತಯಾರಿಕೆಯ ಉಷ್ಣತೆಯೂ ಮುಖ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಪ್ರಯೋಗಾಲಯದಿಂದ ರಸ್ತೆಗೆ ಬಂದರೆ, ಕ್ರಿಯಾವರ್ಧಕವನ್ನು ಕೆಡಿಸುವ ಸೀಸ 2000ದ ಫೆಬ್ರವರಿಯಲ್ಲಿ ಭಾರತದ ಪೆಟ್ರೋಲಿನಿಂದ ತೊಲಗಿತು. 2020ರ ಏಪ್ರಿಲ್ 1ರಂದು ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್-6 ನಿಯಮ, ಭಾರಿ ಡೀಸೆಲ್ ಎಂಜಿನ್ನುಗಳ ನೈಟ್ರೋಜನ್ ಆಕ್ಸೈಡ್ ಮಿತಿಯನ್ನು ಪ್ರತಿ ಕಿಲೋವಾಟ್-ಗಂಟೆಗೆ 3.5 ಗ್ರಾಂನಿಂದ 0.4 ಗ್ರಾಂಗೆ ಇಳಿಸಿತು. ಆದರೆ ಈ ಮಿತಿಯನ್ನು ಕಾಯುವ ಯೂರಿಯಾ ವಿಧಾನವೂ ಉಷ್ಣತೆಗೆ ಅಧೀನ: ಹೊಗೆಯ ಉಷ್ಣತೆ ಸುಮಾರು 200 ಡಿಗ್ರಿಗಿಂತ ಕೆಳಗಿದ್ದರೆ ಯೂರಿಯಾ ಪೂರ್ತಿ ಅಮೋನಿಯವಾಗದೆ ಕೊಳವೆಯಲ್ಲಿ ಬಿಳಿ ಹರಳಾಗಿ ಕೂರುತ್ತದೆ; ವನೇಡಿಯಂ ಕ್ರಿಯಾವರ್ಧಕದಲ್ಲಿ 450 ಡಿಗ್ರಿ ಮೀರಿದರೆ ಅಮೋನಿಯವೇ ಉರಿಯತೊಡಗುತ್ತದೆ. ಬೆಂಗಳೂರಿನ ಹೊಸೂರು ರಸ್ತೆಯ ಸಿಂಗಸಂದ್ರದಲ್ಲಿ ಈ ವ್ಯತ್ಯಾಸದ ಅರ್ಥ ತಿಳಿಯುತ್ತದೆ: 2010ರಲ್ಲಿ ತೆರೆದ ಮೇಲ್ಸೇತುವೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಡೀಸೆಲ್ ಬಸ್ಸಿನ ಹೊಗೆ ತಕ್ಕಷ್ಟು ಬಿಸಿಯಾಗಿದ್ದರೆ, ಕೆಳಗೆ ಕೂಡ್ಲು ಗೇಟಿನಿಂದ ಹೊಸ ರಸ್ತೆಯವರೆಗೆ ನಿಂತು ನಿಂತು ಚಲಿಸುವ ಅಂಥದೇ ಬಸ್ಸಿನ ಹೊಗೆ ತಣಿಯುತ್ತದೆ, ಜನ ನಡೆದಾಡುವ, ಅಂಗಡಿಗಳಿರುವ ಕಡೆಯಲ್ಲೇ ಶುದ್ಧೀಕರಣ ಕುಂದುತ್ತದೆ. ಪ್ರಯೋಗಾಲಯದ ಪರೀಕ್ಷೆಯೊಂದೇ ಸಾಲದೆಂದು, 2023ರ ಏಪ್ರಿಲ್‌ನಿಂದ ವಾಹನ ರಸ್ತೆಯಲ್ಲಿ ಓಡುತ್ತಿರುವಾಗಲೇ ಹೊಗೆ ಅಳೆಯುವ ನಿಯಮವೂ ಜಾರಿಗೆ ಬಂದಿದೆ.