ಬಿಸಿಯೂಟದ ಅಕ್ಕಂದಿರಿಗೆ ಯಾವ ಸಮಿತಿ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಸರ್ಕಾರಿ ಶಾಲೆಗಳಿಗೆಲ್ಲ ಒಂದೊಂದು ಎಸ್‌ಡಿಎಂಸಿ ಇದೆ. ಶಾಲೆಯ ಸುರಕ್ಷತೆ ಅವರ ಜವಾಬ್ದಾರಿ ಅಂತ ನಾವೆಲ್ಲ ನಂಬಿದ್ದೇವೆ. ಯಾರ ಸುರಕ್ಷತೆ ಅಂತ ಕೇಳಿದಾಗ ಮಾತ್ರ ಉತ್ತರ ತಡವರಿಸುತ್ತದೆ.

ಕೆಲಸದ ಜಾಗದ ಸುರಕ್ಷತಾ ಸಮಿತಿ ಅನ್ನೋದು ನಮ್ಮ ದೇಶದಲ್ಲಿ ಗಟ್ಟಿಯಾಗಿ ಕಾನೂನಿಗೆ ಬಂದದ್ದು ಭೋಪಾಲ್ ಅನಿಲ ದುರಂತದ ನಂತರ. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು, ಅಪಾಯದ ಕೆಲಸ ನಡೆಯುವ ಕಾರ್ಖಾನೆಗಳಲ್ಲಿ ಸಮಿತಿ ಇರಲೇಬೇಕು ಎಂದರು. ಅದರಲ್ಲಿ ಮಾಲೀಕರ ಕಡೆಯವರೆಷ್ಟೋ ಕೆಲಸಗಾರರೂ ಅಷ್ಟೇ. ಬೆಂಕಿಯ ಮುಂದೆ ನಿಲ್ಲುವವನಿಗೇ ಬೆಂಕಿಯ ವಿಷಯ ಗೊತ್ತು ಅನ್ನೋ ಸರಳ ಲೆಕ್ಕ ಅದು. ಆದರೆ ಶಾಲೆ ಕಾರ್ಖಾನೆಯಲ್ಲವಲ್ಲ!

ಶಾಲೆಯ ದಾರಿ ಬೇರೆಯಾಯಿತು. 2001ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಶಿಕ್ಷಣ ಸಮಿತಿಗಳ ಬದಲಿಗೆ ಎಸ್‌ಡಿಎಂಸಿಗಳನ್ನು ತಂದಿತು. ಅಪ್ಪ ಅಮ್ಮಂದಿರ ಕೈಗೆ ಶಾಲೆ ಕೊಡುವ ಒಳ್ಳೆಯ ಕೆಲಸ. 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ಆವತ್ತಿನಿಂದ ಪಾಠದ ಶಾಲೆಯೊಳಗೆ ಒಂದು ಅಡುಗೆ ಮನೆಯೂ ಸೇರಿತು. ಒಲೆ, ಸಿಲಿಂಡರ್, ಕುದಿಯುವ ಸಾರಿನ ದೊಡ್ಡ ಪಾತ್ರೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲೂ ಅಲ್ಲೇ ಕಾಯತೊಡಗಿತು.

ಆ ಅಡುಗೆ ಮನೆ ಎಷ್ಟು ಅಪಾಯದ ಜಾಗ ಅಂತ ದೇಶಕ್ಕೆ ಎರಡು ಸಲ ಗೊತ್ತಾಗಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆ ಮನೆಯಿಂದ ಎದ್ದ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಆ ಪ್ರಕರಣದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ಬೆಂಕಿ ಆರಿಸುವ ಸಿಲಿಂಡರ್‌ಗಳು ಶಾಲೆಗೆ ಬಂದದ್ದರ ಹಿಂದೆ ಈ ತೀರ್ಪಿದೆ. ಮತ್ತೆ 2013ರಲ್ಲಿ, ಅದೇ ಜುಲೈ 16ರಂದು, ಬಿಹಾರದ ಗಂಡಾಮನ್ ಹಳ್ಳಿಯಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಎಣ್ಣೆ ಸರಿಯಿಲ್ಲ ಅಂತ ಅಡುಗೆಯಾಕೆ ಮೊದಲೇ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಆಗ ವರದಿಯಾಗಿತ್ತು.

ಈ ಒಂದು ಮಾತು ನಮ್ಮನ್ನು ಕಾಡುತ್ತದೆ. ಆಕೆ ಯಾವ ಸಭೆಯಲ್ಲಿ ಹೇಳಬೇಕಿತ್ತು?

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಓದಿ ನೋಡಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು, ಜೊತೆಗೆ ಸ್ಥಳೀಯ ಸಂಸ್ಥೆಯವರು, ಶಿಕ್ಷಕರು. ಅಡುಗೆಯವರ ಹೆಸರಿಲ್ಲ. 2015ರ ಬಿಸಿಯೂಟ ನಿಯಮ ಊಟದ ಗುಣಮಟ್ಟ, ಅಡುಗೆ ಜಾಗದ ಶುಚಿ ನೋಡುವ ಕೆಲಸವನ್ನು ಇದೇ ಸಮಿತಿಗೆ ಕೊಟ್ಟಿತು. ಅಂದರೆ ಅಡುಗೆ ಮನೆಯನ್ನು ತಪಾಸಣೆ ಮಾಡುವವರಿದ್ದಾರೆ, ಅಡುಗೆ ಮನೆಯಿಂದ ಮಾತಾಡುವವರಿಲ್ಲ. ಅಕ್ಕನ ಮಗು ಅದೇ ಶಾಲೆಯಲ್ಲಿ ಓದುತ್ತಿದ್ದರೆ ತಾಯಿ ಅನ್ನೋ ಲೆಕ್ಕದಲ್ಲಿ ಆಕೆ ಸಮಿತಿಗೆ ಬರಬಹುದು, ಅಷ್ಟೇ.

ಇನ್ನು ಸಂಬಳ ಅನ್ನೋ ಪದವೇ ಇಲ್ಲ, ಅದು ಗೌರವಧನ. 2009ರ ಕೊನೆಯಲ್ಲಿ ಕೇಂದ್ರ ನಿಗದಿ ಮಾಡಿದ್ದು ತಿಂಗಳಿಗೆ 1000 ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸುತ್ತಾ ಬಂದಿದೆ. 26ರಿಂದ 100 ಮಕ್ಕಳಿಗೆ ಇಬ್ಬರು ಅಡುಗೆಯವರು ಅನ್ನೋದು ಕೇಂದ್ರದ ಲೆಕ್ಕ. ನೂರು ಮಕ್ಕಳ ಅನ್ನದ ಪಾತ್ರೆಯನ್ನು ಇಬ್ಬರು ಹೆಂಗಸರು ಇಳಿಸುವುದನ್ನು ಒಮ್ಮೆ ನಿಂತು ನೋಡಿದರೆ ಸಾಕು. ಪಾವಗಡ, ಶಿರಾ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಮಕ್ಕಳ ಕುಡಿಯುವ ನೀರಿನ ಬಗ್ಗೆ ಸಭೆಯಲ್ಲಿ ಚರ್ಚೆಯಾಗುತ್ತದೆ, ಒಳ್ಳೆಯದೇ. ಬಿಂದಿಗೆ ಹೊತ್ತು ತರುವವರ ಸೊಂಟದ ಬಗ್ಗೆ ಯಾರು ಮಾತಾಡುತ್ತಾರೆ?

ಆದರೂ ಒಂದು ಕಾನೂನು ಇವರನ್ನು ಮರೆತಿಲ್ಲ. 2013ರ, ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ. ಸಂಬಳ ಇರಲಿ ಬಿಡಲಿ, ಸ್ವಯಂಸೇವೆಯೇ ಆಗಿರಲಿ, ಅದರ ಕಣ್ಣಿಗೆ ಎಲ್ಲರೂ ಉದ್ಯೋಗಿಗಳೇ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಜಾಗದಲ್ಲಿ ಆಂತರಿಕ ಸಮಿತಿ ಇರುವುದಿಲ್ಲ, ನಮ್ಮ ಹಳ್ಳಿ ಶಾಲೆಗಳಲ್ಲಿ ಹೆಚ್ಚಿನವು ಇಂಥವೇ. ಅಲ್ಲಿನವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ, ಬರವಣಿಗೆಯಲ್ಲಿ. ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ ಅಂತ ಕಾಯ್ದೆಯೇ ಹೇಳುತ್ತದೆ.