ಉದ್ಯೋಗ ಅಂಕಿ-ಅಂಶಗಳು: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ
ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು ಘಟಪ್ರಭಾ ನದಿಯನ್ನು ಆಶ್ರಯಿಸಿವೆ. ಗೋಕಾಕ ಜಲಪಾತದ ಬಳಿ, 1885ರಲ್ಲಿ ಸ್ಥಾಪಿತವಾದ ಕಂಪನಿಯ ನೂಲಿನ ಗಿರಣಿಯು ಈ ಭಾಗದಲ್ಲಿ ಕಾರ್ಖಾನೆ ಉದ್ಯೋಗಕ್ಕೆ ನಾಂದಿಯಾಯಿತು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಸೇರಿದಂತೆ ಸಕ್ಕರೆ ಕಾರ್ಖಾನೆಗಳು ಕಬ್ಬು ಕಡಿಯುವವರಿಗೂ ಸಾಗಿಸುವವರಿಗೂ ಹಂಗಾಮಿನ ಕೆಲಸ ಒದಗಿಸುತ್ತ ಬಂದಿವೆ. ಹಂಗಾಮು ಮುಗಿದೊಡನೆ ಅನೇಕರಿಗೆ ಈ ದುಡಿಮೆ ಇರುವುದಿಲ್ಲ.

2. ಉದ್ಯೋಗಸ್ಥರು ಯಾರು?
(ಅ) ಜನಗಣತಿ: ವರ್ಷದಲ್ಲಿ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದವರು ಮುಖ್ಯ ದುಡಿಮೆಗಾರರು, ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿ ದುಡಿಮೆಗಾರರು. 2011ರ ಜನಗಣತಿಯ ಕಾಲದಲ್ಲಿ ಮೂಡಲಗಿಯು ಪ್ರತ್ಯೇಕ ತಾಲ್ಲೂಕಾಗಿರದ ಕಾರಣ ಅದರ ವಿವರಗಳು ಗೋಕಾಕ ತಾಲ್ಲೂಕಿನಲ್ಲಿಯೇ ಸೇರಿವೆ.
(ಆ) ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆ (2017ರಿಂದ): ಸಾಮಾನ್ಯ ಸ್ಥಿತಿಯ ಲೆಕ್ಕದಲ್ಲಿ, ವರ್ಷದಲ್ಲಿ 30 ದಿನ ಉಪಕಸುಬಿನಲ್ಲಿ ತೊಡಗಿದವರನ್ನೂ ಉದ್ಯೋಗಸ್ಥರೆಂದು ಪರಿಗಣಿಸಲಾಗುತ್ತದೆ. ಮನೆಯ ಹೊಲದಲ್ಲಿ ಕೂಲಿ ಇಲ್ಲದೆ ದುಡಿಯುವವರೂ ಇದರಲ್ಲಿ ಸೇರುತ್ತಾರೆ.

3. ರಾಷ್ಟ್ರೀಯ ಪ್ರವೃತ್ತಿ (ಸಾಮಾನ್ಯ ಸ್ಥಿತಿ)
- ನಿರುದ್ಯೋಗ ದರ (15 ವರ್ಷ ಮೇಲ್ಪಟ್ಟವರು): 2017-18ರಲ್ಲಿ ಶೇ. 6.0; 2023-24ರಲ್ಲಿ ಶೇ. 3.2.
- ಮಹಿಳೆಯರ ಶ್ರಮಶಕ್ತಿ ಭಾಗವಹಿಸುವಿಕೆ (15 ವರ್ಷ ಮೇಲ್ಪಟ್ಟವರು): ಶೇ. 23.3ರಿಂದ ಶೇ. 41.7ಕ್ಕೆ ಏರಿಕೆ.
- ಕೃಷಿಯನ್ನು ಅವಲಂಬಿಸಿದ ದುಡಿಯುವವರು: 2018-19ರಲ್ಲಿ ಶೇ. 42.5, 2023-24ರಲ್ಲಿ ಶೇ. 46.1.

4. ಇವುಗಳಿಂದ ತಿಳಿಯುವುದೇನು?
ಆರ್ಥಿಕತೆ ಬೆಳೆದಂತೆ ಜನರು ಕೃಷಿಯಿಂದ ಕೈಗಾರಿಕೆ ಹಾಗೂ ಸೇವಾ ವಲಯಗಳತ್ತ ಸಾಗುವುದು ವಾಡಿಕೆ. ಮೇಲಿನ ಅವಧಿಯಲ್ಲಿ ನಿರುದ್ಯೋಗ ದರ ಇಳಿದರೂ ಕೃಷಿಯ ಪಾಲು ಹೆಚ್ಚಿದೆ. ಆದುದರಿಂದ ನಿರುದ್ಯೋಗ ದರವೊಂದನ್ನೇ ನೋಡಿದರೆ ವರ್ಷವಿಡೀ ಕೆಲಸವಿದೆಯೇ, ಕೂಲಿ ಸಾಲುತ್ತದೆಯೇ ಎಂಬುದು ತಿಳಿಯದು. ಕಬ್ಬು ಕಡಿಯುವ ಕಾರ್ಮಿಕನು ಮಳೆಗಾಲದಲ್ಲಿ ಕೆಲಸವಿಲ್ಲದೆ ಕುಳಿತಿದ್ದರೂ ವಾರ್ಷಿಕ ಲೆಕ್ಕದಲ್ಲಿ ನಿರುದ್ಯೋಗಿಯಾಗಿ ಕಾಣದಿರಬಹುದು.

5. ಅರ್ಜಿದಾರರ ಗಮನಕ್ಕೆ
- ಉದ್ಯೋಗ ವಿನಿಮಯ ಕಚೇರಿಯ ನೋಂದಣಿಯು ಉದ್ಯೋಗದ ಖಾತರಿಯಲ್ಲ. ನೋಂದಾಯಿತರ ಸಂಖ್ಯೆಯೂ ನಿರುದ್ಯೋಗಿಗಳ ಸಂಖ್ಯೆಯೂ ಒಂದೇ ಅಲ್ಲ.
- ಅಸಂಘಟಿತ ಕಾರ್ಮಿಕರು 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಆಧಾರ್ ಮೂಲಕ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು.
- ಅರ್ಜಿಯ ಉದ್ಯೋಗ ಕಾಲಂನಲ್ಲಿ ವಾಸ್ತವವಾಗಿ ಮಾಡುವ ಕೆಲಸವನ್ನೇ ನಮೂದಿಸತಕ್ಕದ್ದು. ಹಂಗಾಮಿ ಕಾರ್ಮಿಕರು ‘ಕೃಷಿ’ ಎಂದಷ್ಟೇ ಬರೆದಲ್ಲಿ ಅವರ ನಿಜಸ್ಥಿತಿ ದಾಖಲೆಯಲ್ಲಿ ಕಾಣದೆ ಹೋಗುತ್ತದೆ.