ಗ್ರೂಪ್ ಥೆರಪಿ: ಬಡತನ ಹೆತ್ತ ಚಿಕಿತ್ಸೆ

ಕಚೇರಿಯ ಕ್ಯಾಂಟೀನಿನಲ್ಲಿ ನಾಲ್ವರು ಕೂತು ಮೇಲಧಿಕಾರಿಯನ್ನು ಬೈದು ಮನಸ್ಸು ಹಗುರ ಮಾಡಿಕೊಂಡರೆ ಅದು ‘ಗ್ರೂಪ್ ಥೆರಪಿ’. ಗೆಳತಿಯರು ಭಾನುವಾರ ಸೇರಿ ಸಂಸಾರದ ತಾಪತ್ರಯ ಹೇಳಿಕೊಂಡರೆ ಅದೂ ‘ಗ್ರೂಪ್ ಥೆರಪಿ’. ಪೇಟೆಯ ಮಾತಿನಲ್ಲಿ ಈ ಪದ ಹರಟೆಗೆ ಇನ್ನೊಂದು ಹೆಸರೇ ಆಗಿಬಿಟ್ಟಿದೆ. ಆದರೆ ವೈದ್ಯರು ಸಮೂಹ ಚಿಕಿತ್ಸೆ ಎಂದು ಕರೆಯುವ ಈ ವಿಧಾನ ಹರಟೆಯ ಕಟ್ಟೆಯ ಮೇಲೆ ಹುಟ್ಟಿದ್ದಲ್ಲ. ರೋಗಿಗಳ ಬಳಿ ಹಣವಿಲ್ಲದೆ, ವೈದ್ಯರ ಬಳಿ ಔಷಧವಿಲ್ಲದೆ ಇದ್ದ ಕಾಲದಲ್ಲಿ ಹುಟ್ಟಿದ್ದು. ವಿಚಿತ್ರವೆಂದರೆ, ಅದು ಮೊದಲು ಶುರುವಾದದ್ದು ಮನೋರೋಗಕ್ಕಲ್ಲ, ಕ್ಷಯಕ್ಕೆ.

1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರಿದ್ದರು. ಆಗ ಕ್ಷಯಕ್ಕೆ ಮದ್ದಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಅಲ್ಲಿಯವರೆಗೆ ವಿಶ್ರಾಂತಿ, ಪೌಷ್ಟಿಕ ಆಹಾರ ಮತ್ತು ಶುದ್ಧ ಗಾಳಿಯೇ ಚಿಕಿತ್ಸೆ. ಉಳ್ಳವರು ಬೆಟ್ಟದ ಮೇಲಿನ ಸ್ಯಾನಟೋರಿಯಂಗಳಿಗೆ ಹೋಗುತ್ತಿದ್ದರು. ಕೂಲಿಕಾರರ ಪಾಲಿಗೆ ಅದು ಕೈಗೆಟುಕದ ಮಾತು.

ಪ್ರಾಟ್ ಒಂದು ಉಪಾಯ ಮಾಡಿದರು. ಬಡ ರೋಗಿಗಳಿಗಾಗಿ ವಾರಕ್ಕೊಮ್ಮೆ ‘ತರಗತಿ’ ನಡೆಸತೊಡಗಿದರು. ನಗರದ ಇಮ್ಯಾನುಯೆಲ್ ಚರ್ಚ್ ಅದರ ಖರ್ಚಿಗೆ ನೆರವಾಯಿತು. ತರಗತಿಯಲ್ಲಿ ಹದಿನೈದು ಇಪ್ಪತ್ತು ಮಂದಿ. ಪ್ರತಿಯೊಬ್ಬರೂ ಜ್ವರ, ಊಟ, ವಿಶ್ರಾಂತಿಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ತರಬೇಕು. ತೂಕ ಹೆಚ್ಚಿಸಿಕೊಂಡವರನ್ನು ಎಲ್ಲರೆದುರು ಹೊಗಳುತ್ತಿದ್ದರು. ಅದನ್ನು ಕಂಡ ಹೊಸಬರಿಗೆ ತಾವೂ ಬದುಕಬಹುದೆಂಬ ಧೈರ್ಯ ಬರುತ್ತಿತ್ತು. ಬೇರೆ ಬೇರೆ ಧರ್ಮದ, ಬೇರೆ ಬೇರೆ ದೇಶಗಳಿಂದ ಬಂದ ರೋಗಿಗಳನ್ನು ಒಂದೇ ಕಾಯಿಲೆ ನೆಂಟರನ್ನಾಗಿ ಮಾಡುತ್ತಿದೆ ಎಂಬುದನ್ನು ಪ್ರಾಟ್ ಗಮನಿಸಿದರು. ಸಮಯ ಉಳಿಸಲು ಹೂಡಿದ ಉಪಾಯವೇ ಚಿಕಿತ್ಸೆಯ ಒಂದು ಅಂಗವಾಗಿತ್ತು. ಮುಂದೆ 1930ರಲ್ಲಿ ಅವರು ಮನಸ್ಸಿನ ಕ್ಲೇಶದಿಂದ ದೇಹ ಬಳಲಿದವರಿಗೂ ಇಂಥದೇ ತರಗತಿ ತೆರೆದರು.

ಈ ವಿಧಾನಕ್ಕೆ ಹೆಸರು ಕೊಟ್ಟ ಶ್ರೇಯಸ್ಸು ಸಾಮಾನ್ಯವಾಗಿ ಜೇಕಬ್ ಮೊರೆನೊ ಅವರಿಗೆ ಸಲ್ಲುತ್ತದೆ. ರುಮೇನಿಯದಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಓದಿದ ಈ ವೈದ್ಯರಿಗೆ ನಾಟಕದ ಹುಚ್ಚು. ರೋಗಿ ತನ್ನ ಕಷ್ಟವನ್ನು ಬರಿದೆ ಹೇಳುವುದಕ್ಕಿಂತ ಇತರರೊಡನೆ ಸೇರಿ ಅಭಿನಯಿಸಿ ತೋರಿಸಲಿ ಎಂಬುದು ಅವರ ವಾದ. 1925ರಲ್ಲಿ ಅಮೆರಿಕಕ್ಕೆ ಬಂದ ಮೊರೆನೊ, ಸಿಂಗ್ ಸಿಂಗ್ ಸೆರೆಮನೆಯ ಕೈದಿಗಳ ಬಗ್ಗೆ ಅಧ್ಯಯನ ನಡೆಸಿದರು. 1932ರ ಸುಮಾರಿಗೆ ‘ಗ್ರೂಪ್ ಥೆರಪಿ’ ಎಂಬ ಮಾತು ವೈದ್ಯರ ನಡುವೆ ಚಾಲ್ತಿಗೆ ಬಂತು.

ಅದು ಎಲ್ಲೆಡೆ ಹರಡಲು ಮಾತ್ರ ಯುದ್ಧವೇ ಬೇಕಾಯಿತು. ಎರಡನೇ ಮಹಾಯುದ್ಧದಲ್ಲಿ ಮನಸ್ಸು ಕುಸಿದ ಸೈನಿಕರು ಸಾವಿರಗಟ್ಟಲೆ, ಮನೋವೈದ್ಯರು ಬೆರಳೆಣಿಕೆಯಷ್ಟು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿಸುವುದು ಆಗದ ಕೆಲಸ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ ವಿಲ್ಫ್ರೆಡ್ ಬಯಾನ್ ಮತ್ತು ಜಾನ್ ರಿಕ್‌ಮನ್ ಸೈನಿಕರನ್ನು ಗುಂಪುಗಳಾಗಿ ಸಂಘಟಿಸಿದರು. ಆ ಪ್ರಯೋಗ ನಡೆದದ್ದು ಆರೇ ವಾರ. ನಂತರ ಅಲ್ಲಿಗೆ ಬಂದ ಎಸ್.ಎಚ್. ಫೋಕ್ಸ್ ಅವರು ಗುಂಪು ಚಿಕಿತ್ಸೆಯನ್ನು ಮುಂದುವರಿಸಿದರು. ಯುದ್ಧ ಮುಗಿದ ಮೇಲೆ ಅದು ಸಾಮಾನ್ಯ ಆಸ್ಪತ್ರೆಗಳಿಗೂ ಬಂತು.

ಹಾಗಾದರೆ ಹರಟೆಗೂ ಚಿಕಿತ್ಸೆಗೂ ಏನು ವ್ಯತ್ಯಾಸ? ಸಾಮಾನ್ಯವಾಗಿ ಏಳೆಂಟು ಮಂದಿಯ ಗುಂಪು ವಾರಕ್ಕೊಮ್ಮೆ, ನಿಗದಿತ ಹೊತ್ತಿಗೆ, ಸುಮಾರು ಒಂದೂವರೆ ಗಂಟೆ ಕೂಡುತ್ತದೆ. ತರಬೇತಿ ಪಡೆದ ಚಿಕಿತ್ಸಕರು ಜೊತೆಗಿರುತ್ತಾರೆ. ಅವರು ಉಪದೇಶ ಮಾಡುವುದು ಕಡಿಮೆ. ಒಬ್ಬರೇ ಮಾತನಾಡುತ್ತಿದ್ದರೆ ತಡೆಯುತ್ತಾರೆ, ಮೂಲೆಯಲ್ಲಿ ಸುಮ್ಮನೆ ಕೂತವರನ್ನು ಮಾತಿಗೆಳೆಯುತ್ತಾರೆ. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಕೋಣೆಯೊಳಗೆ ಆಡಿದ ಮಾತು ಕೋಣೆಯೊಳಗೇ ಉಳಿಯಬೇಕು. ಹರಟೆಯಲ್ಲಿ ಆಡಿದ್ದು ಸಂಜೆಯೊಳಗೆ ಮೂರು ಮನೆ ದಾಟಿರುತ್ತದೆ.

ಗುಂಪು ಯಾಕೆ ಗುಣಪಡಿಸುತ್ತದೆ ಎಂಬುದಕ್ಕೆ ಅಮೆರಿಕದ ಮನೋವೈದ್ಯ ಅರ್ವಿನ್ ಯಾಲೋಮ್ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಲವು ಕಾರಣ ಕೊಟ್ಟಿದ್ದಾರೆ. ಮೊದಲನೆಯದಾಗಿ, ‘ಇಂಥ ಕಷ್ಟ ನನಗೊಬ್ಬನಿಗೇ’ ಎಂಬ ಭ್ರಮೆ ಕರಗುತ್ತದೆ. ಎರಡನೆಯದಾಗಿ, ಗುಣಮುಖರಾಗುತ್ತಿರುವವರನ್ನು ಕಂಡು ಭರವಸೆ ಮೂಡುತ್ತದೆ. ಮೂರನೆಯದು ಇನ್ನೂ ಸೂಕ್ಷ್ಮ: ಯಾರಿಗೂ ಬೇಡವಾದವ ತಾನೆಂದು ಕೊರಗುತ್ತಿದ್ದವನ ಒಂದು ಮಾತು ಪಕ್ಕದವನಿಗೆ ಸಮಾಧಾನ ತರುತ್ತದೆ. ತಾನೂ ಇನ್ನೊಬ್ಬರಿಗೆ ಆಗಿಬರಬಲ್ಲೆ ಎಂಬ ಅರಿವೇ ಅವನಿಗೆ ಮದ್ದು.

ಆದರೆ ಇದು ಎಲ್ಲರಿಗೂ ಹೊಂದುವ ಚಿಕಿತ್ಸೆಯಲ್ಲ. ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವವರಿಗೆ, ವಾಸ್ತವದ ಅರಿವು ತಪ್ಪಿದವರಿಗೆ ಮೊದಲು ಪ್ರತ್ಯೇಕ ಆರೈಕೆ ಬೇಕು. ಎಲ್ಲರೂ ಎಲ್ಲರಿಗೆ ಪರಿಚಿತರಾದ ಸಣ್ಣ ಊರುಗಳಲ್ಲಿ ಗುಟ್ಟು ಕಾಯುವುದೂ ಸುಲಭವಲ್ಲ. ಒಮ್ಮೆ ಗುಟ್ಟು ರಟ್ಟಾದರೆ ರೋಗಿ ಮತ್ತೆ ವೈದ್ಯರ ಬಾಗಿಲು ತಟ್ಟದೇ ಹೋಗಬಹುದು.

ಇದರ ದಾಯಾದಿಯಂತಿರುವುದು ‘ಆಲ್ಕೊಹಾಲಿಕ್ಸ್ ಅನಾನಿಮಸ್’. 1935ರಲ್ಲಿ ಅಮೆರಿಕದ ಆಕ್ರನ್ ಎಂಬಲ್ಲಿ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಆರಂಭಿಸಿದ ಕೂಟವಿದು. ಅಲ್ಲಿ ಚಿಕಿತ್ಸಕರಿಲ್ಲ, ಕುಡಿತ ಬಿಟ್ಟವರೇ ಬಿಡಬೇಕೆನ್ನುವವರಿಗೆ ಜೊತೆ. ಹಾಗಾಗಿ ಅದನ್ನು ಸ್ವಸಹಾಯ ಗುಂಪು ಎನ್ನುವುದು ಸರಿ. ಭಾರತದಲ್ಲಿಯೂ ಅದರ ಸಭೆಗಳು ನಡೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳ ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ಗುಂಪು ಮಾತುಕತೆಗೆ ಸ್ಥಾನವಿದೆ. ಕರ್ನಾಟಕದ ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲೂ ಕುಡಿತ ಬಿಡಲು ಬಂದವರು ಒಟ್ಟಿಗೆ ಕೂತು ಮಾತನಾಡುತ್ತಾರೆ.

ಪ್ರಾಟ್ ಎದುರಿಸಿದ ಕೊರತೆ ಇಂದೂ ತೀರಿಲ್ಲ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇಂಥ ಕಡೆ ಗುಂಪು ಏನು ಮಾಡಬಲ್ಲದು ಎಂಬುದಕ್ಕೆ ಆಫ್ರಿಕಾದ ಉಗಾಂಡ ಒಂದು ಉತ್ತರ ಕೊಟ್ಟಿದೆ. ಏಡ್ಸ್‌ನಿಂದ ತತ್ತರಿಸಿದ್ದ ಅಲ್ಲಿನ 30 ಹಳ್ಳಿಗಳನ್ನು ಸಂಶೋಧಕರು ಆರಿಸಿಕೊಂಡರು. ಅರ್ಧದಷ್ಟು ಹಳ್ಳಿಗಳಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದವರಿಗೆ 16 ವಾರ ಗುಂಪು ಚಿಕಿತ್ಸೆ ನಡೆಯಿತು. ನಡೆಸಿದವರು ವೈದ್ಯರಲ್ಲ, ಅಲ್ಪಕಾಲದ ತರಬೇತಿ ಪಡೆದ ಸ್ಥಳೀಯರು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚಿಕಿತ್ಸೆ ಪಡೆದವರಲ್ಲಿ ಕೊನೆಗೆ ತೀವ್ರ ಖಿನ್ನತೆ ಉಳಿದದ್ದು ಶೇ. 6.5 ಮಂದಿಗೆ, ಪಡೆಯದವರಲ್ಲಿ ಶೇ. 54.7 ಮಂದಿಗೆ.

ಹರಟೆಯಿಂದ ಮನಸ್ಸು ಹಗುರವಾಗುವುದು ಸುಳ್ಳಲ್ಲ. ಅದನ್ನು ತಮಾಷೆಗೆ ಗ್ರೂಪ್ ಥೆರಪಿ ಎಂದರೂ ನಷ್ಟವಿಲ್ಲ. ಆದರೆ ನಿಜವಾಗಿ ಬಳಲುತ್ತಿರುವವರನ್ನು ‘ನಾಲ್ಕು ಜನರ ಜೊತೆ ಬೆರೆತರೆ ಸರಿಹೋಗುತ್ತದೆ’ ಎಂದು ಸಾಗಹಾಕುವುದು ತಪ್ಪು. ಆ ನಾಲ್ಕು ಜನ ಯಾರು, ಅವರನ್ನು ನಡೆಸುವವರಿಗೆ ತರಬೇತಿ ಇದೆಯೇ, ಹೇಳಿಕೊಂಡ ಮಾತಿಗೆ ಕಾವಲಿದೆಯೇ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.